ಮೋಟಾರಿನ ಎಣ್ಣೆಗೆ ಗಂಟೆಯ ಲೆಕ್ಕ

ದಾದರಿನ ಟಿ.ಟಿ. ವೃತ್ತದಿಂದ ತಿಲಕ್ ಸೇತುವೆಯನ್ನು ದಾಟಿ ಪ್ಲಾಜಾ ಚಿತ್ರಮಂದಿರದ ಕಡೆಗೆ ಹೋಗುವ ದಾರಿ ಕಾಲ್ನಡಿಗೆಯವನಿಗೆ ಕಾಲು ಗಂಟೆಯದು. ಸಂಜೆಯ ಹೊತ್ತಿನಲ್ಲಿ ಅದೇ ದಾರಿಗೆ ಮೋಟಾರು ಗಾಡಿಯೂ ಅಷ್ಟೇ ಸಮಯವನ್ನು ತೆಗೆದುಕೊಂಡರೆ ಇಲ್ಲಿನವರು ಯಾರೂ ಆಶ್ಚರ್ಯಪಡುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಪ್ರಭಾದೇವಿಯ ಹಳೆಯ ಎಲ್ಫಿನ್‌ಸ್ಟನ್ ಸೇತುವೆಯನ್ನು ಕೆಡಹುವುದಕ್ಕಾಗಿ ಮುಚ್ಚಿದ ಮೇಲೆ, ಪೂರ್ವ ಪಶ್ಚಿಮಗಳ ನಡುವಣ ಸಂಚಾರದ ದೊಡ್ಡ ಹೊರೆ ಈ ತಿಲಕ್ ಸೇತುವೆಯ ಮೇಲೆಯೇ ಬಿದ್ದಿತು. ಆದರೆ ನಡೆಯುವವನಿಗೂ ಗಾಡಿಗೂ ಒಂದು ಭೇದವುಂಟು. ನಿಂತ ಮನುಷ್ಯನ ಚಪ್ಪಲಿ ಸವೆಯುವುದಿಲ್ಲ. ನಿಂತ ಗಾಡಿಯ ಎಂಜಿನು ಮಾತ್ರ ತಿರುಗುತ್ತಲೇ ಇರುತ್ತದೆ.

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಟ್ಯಾಕ್ಸಿ ನಡೆಸುವವರಿದ್ದಾರೆ, ಕಚೇರಿಯ ಸಾಹೇಬರ ಕಾರಿಗೆ ಚಾಲಕರಾಗಿರುವವರಿದ್ದಾರೆ, ಕಂತಿನ ಮೇಲೆ ಚಿಕ್ಕ ಕಾರನ್ನು ಕೊಂಡ ಗುಮಾಸ್ತರೂ ಇದ್ದಾರೆ. ಇವರೆಲ್ಲರಿಗೂ ಎಂಜಿನು ಕೆಡುವುದೆಂದರೆ ಬರಿಯ ಯಂತ್ರದ ವಿಚಾರವಲ್ಲ. ಗಾಡಿ ಗ್ಯಾರೇಜಿನಲ್ಲಿ ಮಲಗಿದರೂ ಸಾಲದ ಕಂತು ಮಲಗುವುದಿಲ್ಲ. ಎಂಜಿನನ್ನು ಬಿಚ್ಚಿಸಿ ಸರಿಪಡಿಸುವ ಖರ್ಚು ಕೆಲವು ತಿಂಗಳ ಗಳಿಕೆಯನ್ನೇ ನುಂಗಬಲ್ಲದು. ಹಾಗೆ ಕೆಡುವ ಎಂಜಿನುಗಳಲ್ಲಿ ಎಷ್ಟೋ ಕೆಡುವುದು ಎಣ್ಣೆಯ ಅಲಕ್ಷ್ಯದಿಂದ. ಆದುದರಿಂದ ಎಣ್ಣೆ, ಅದನ್ನು ಸೋಸುವ ಫಿಲ್ಟರು, ಇವೆರಡನ್ನೂ ದಾದರಿನಂಥ ದಟ್ಟಣೆಯಲ್ಲಿ ನೋಡಿಕೊಳ್ಳಬೇಕಾದ ಬಗೆ, ಇಷ್ಟನ್ನು ಇಲ್ಲಿ ವಿವರಿಸುತ್ತೇವೆ.

ಎಣ್ಣೆಯ ನಾಲ್ಕು ಕೆಲಸ

ಎಂಜಿನಿನ ತಳದಲ್ಲಿ, ಗ್ಯಾರೇಜಿನವರು ಚೇಂಬರು ಎನ್ನುವ ತಟ್ಟೆಯಲ್ಲಿ, ಎಣ್ಣೆ ನಿಂತಿರುತ್ತದೆ. ಚಿಕ್ಕ ಕಾರಿನಲ್ಲಿ ಅದು ಮೂರು ಲೀಟರಿನ ಆಸುಪಾಸು. ಪಂಪೊಂದು ಅದನ್ನು ಹೀರಿ, ಫಿಲ್ಟರಿನ ಮೂಲಕ ಹಾಯಿಸಿ, ಸಣ್ಣ ಸಣ್ಣ ಕೊಳವೆಗಳಲ್ಲಿ ಎಲ್ಲ ಮೂಲೆಗಳಿಗೂ ಕಳುಹಿಸುತ್ತದೆ. ಅಲ್ಲಿಂದ ಅದು ಸೋರಿ ಮತ್ತೆ ತಟ್ಟೆಗೆ ಬರುತ್ತದೆ.

ಲೋಹ ಲೋಹವನ್ನು ತಿಕ್ಕದಂತೆ ನಡುವೆ ತೆಳ್ಳನೆಯ ಪೊರೆಯಾಗಿ ನಿಲ್ಲುವುದು ಎಣ್ಣೆಯ ಮೊದಲ ಕೆಲಸ. ನೀರು ಮುಟ್ಟದ ಪಿಸ್ಟನಿನ ಒಳಮೈ, ಬೇರಿಂಗು ಮೊದಲಾದವುಗಳ ಶಾಖವನ್ನು ಹೊತ್ತು ತರುವುದು ಎರಡನೆಯದು. ಪಿಸ್ಟನಿನ ರಿಂಗು ಮತ್ತು ಸಿಲಿಂಡರಿನ ಗೋಡೆಯ ನಡುವಿನ ಸಂದನ್ನು ಮುಚ್ಚಿ ಒತ್ತಡ ಸೋರದಂತೆ ಮಾಡುವುದು ಮೂರನೆಯದು. ನಾಲ್ಕನೆಯದು ಮಸಿ, ಲೋಹದ ಪುಡಿ, ಧೂಳು ಇವುಗಳನ್ನು ತೊಳೆದು ತನ್ನ ಮೈಮೇಲೆ ಹಾಕಿಕೊಳ್ಳುವುದು. ಇದಕ್ಕಾಗಿ ಎಣ್ಣೆಯಲ್ಲಿ ಸಾಬೂನಿನಂಥ ಗುಣವುಳ್ಳ ಪದಾರ್ಥಗಳನ್ನೂ, ಆಮ್ಲವನ್ನು ಅಡಗಿಸುವ ಕ್ಷಾರಗಳನ್ನೂ ಬೆರೆಸಿರುತ್ತಾರೆ. ಈ ಬೆರಕೆಯ ಪದಾರ್ಥಗಳು ಕೆಲಸ ಮಾಡಿದಷ್ಟೂ ಮುಗಿಯುತ್ತ ಬರುತ್ತವೆ. ಇದನ್ನು ವಾಚಕರು ನೆನಪಿನಲ್ಲಿಡಬೇಕು.

ಫಿಲ್ಟರಿನ ಒಳಗೆ

ಮೊದಮೊದಲಿನ ಮೋಟಾರುಗಳಿಗೆ ಈಗಿನ ರೀತಿಯ ಎಣ್ಣೆ ಫಿಲ್ಟರು ಇರಲಿಲ್ಲ. ಬಹಳವೆಂದರೆ ಒಂದು ತಂತಿ ಜಾಲರಿ. ಆದುದರಿಂದ ಎಣ್ಣೆಯನ್ನು ಪದೇಪದೇ ಚೆಲ್ಲಬೇಕಾಗುತ್ತಿತ್ತು. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮೋಟಾರಿನ ಎಣ್ಣೆಗೆ ಫಿಲ್ಟರನ್ನು ರೂಪಿಸಿ ಅದಕ್ಕೆ ಪ್ಯೂರೊಲೇಟರ್ ಎಂದು ಹೆಸರಿಟ್ಟ. ಆಗಿನ ಕೆಲವು ಫಿಲ್ಟರುಗಳು ಎಣ್ಣೆಯ ಒಂದು ಪಾಲನ್ನು ಮಾತ್ರ ಸೋಸಿ ತಟ್ಟೆಗೆ ಬಿಡುತ್ತಿದ್ದುವು. ಈಗಿನವುಗಳಲ್ಲಿ ಬೇರಿಂಗಿಗೆ ಹೋಗುವ ಎಣ್ಣೆಯೆಲ್ಲ ಫಿಲ್ಟರಿನ ಮೂಲಕವೇ ಹೋಗಬೇಕು. ಡಬ್ಬಿಯಂತಿದ್ದು ತಿರುಗಿಸಿ ಕೂರಿಸುವ ಫಿಲ್ಟರು 1950ರ ದಶಕದ ನಡುವಿನಿಂದ ಬಳಕೆಗೆ ಬಂದಿತು.

ಆ ಡಬ್ಬಿಯನ್ನು ಕತ್ತರಿಸಿ ನೋಡಿದರೆ ಸೀರೆಯ ನೆರಿಗೆಯಂತೆ ಮಡಿಸಿದ ಒಂದು ಕಾಗದ ಕಾಣುತ್ತದೆ. ಅಂಚಿನ ತೂತುಗಳಿಂದ ಒಳಹೊಕ್ಕ ಎಣ್ಣೆ ಈ ನೆರಿಗೆಗಳ ಮೂಲಕ ಸೋರಿ ನಡುವಿನ ಕೊಳವೆಗೆ ಬರುತ್ತದೆ. ನೆರಿಗೆ ಏಕೆ? ಚಿಕ್ಕ ಡಬ್ಬಿಯಲ್ಲಿ ದೊಡ್ಡ ಕಾಗದ ಹಿಡಿಯಲೆಂದು. ಹೆಚ್ಚು ಕಾಗದವಿದ್ದಷ್ಟೂ ಹೆಚ್ಚು ಕೊಳೆಯನ್ನು ಹಿಡಿದಿಟ್ಟುಕೊಳ್ಳಲು ಸ್ಥಳ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಸಾಮಾನ್ಯ ಫಿಲ್ಟರು 20ರಿಂದ 40 ಮೈಕ್ರಾನ್ ಗಾತ್ರದ ಕಣಗಳನ್ನು ಬಹುಮಟ್ಟಿಗೆ ಹಿಡಿಯುತ್ತದೆ. ಅದಕ್ಕಿಂತ ಸಣ್ಣವು ಕೆಲವು ಸಿಕ್ಕುತ್ತವೆ, ಕೆಲವು ನುಸುಳುತ್ತವೆ.

ಡಬ್ಬಿಯಲ್ಲಿ ಎರಡು ಕವಾಟಗಳೂ ಇರುವುದುಂಟು. ಒಂದು ರಬ್ಬರಿನದು. ಎಂಜಿನು ನಿಂತಾಗ ಫಿಲ್ಟರಿನ ಎಣ್ಣೆ ಕೆಳಗೆ ಇಳಿದುಹೋಗದಂತೆ ಅದು ತಡೆಯುತ್ತದೆ. ಹೀಗಾಗಿ ಬೆಳಿಗ್ಗೆ ಎಂಜಿನು ಹೊರಟ ಕೂಡಲೇ ಬೇರಿಂಗುಗಳಿಗೆ ಎಣ್ಣೆ ಸಿಕ್ಕುತ್ತದೆ. ಇನ್ನೊಂದು ಸ್ಪ್ರಿಂಗಿನದು, ಕೆಲವು ಗಾಡಿಗಳಲ್ಲಿ ಇದು ಎಂಜಿನಿನಲ್ಲಿಯೇ ಇರುತ್ತದೆ. ಕಾಗದ ಕೊಳೆಯಿಂದ ಕಟ್ಟಿಕೊಂಡರೆ ಈ ಕವಾಟ ತೆರೆದು, ಸೋಸದ ಎಣ್ಣೆಯನ್ನೇ ಎಂಜಿನಿಗೆ ಬಿಡುತ್ತದೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಕೊಳಕು ಎಣ್ಣೆ ಲೇಸೆಂಬುದು ಇದರ ತತ್ತ್ವ. ಇದು ಎಂಜಿನನ್ನು ಆ ಕ್ಷಣಕ್ಕೆ ಉಳಿಸುತ್ತದೆ ನಿಜ. ಆದರೆ ಚಾಲಕನಿಗೆ ಯಾವ ಸೂಚನೆಯನ್ನೂ ಕೊಡುವುದಿಲ್ಲ. ದೀಪ ಹೊತ್ತುವುದಿಲ್ಲ, ಸದ್ದು ಬರುವುದಿಲ್ಲ. ಗಾಡಿ ಚೆನ್ನಾಗಿಯೇ ಓಡುತ್ತಿದೆ ಎಂದುಕೊಳ್ಳುತ್ತಿರುವಾಗಲೇ ಪುಡಿ ಬೇರಿಂಗನ್ನು ಕೆರೆಯುತ್ತಿರುತ್ತದೆ.

ಫಿಲ್ಟರು ಮಾಡಲಾರದ ಕೆಲಸ

“ಹೊಸ ಫಿಲ್ಟರು ಹಾಕಿದ್ದೇನೆ, ಎಣ್ಣೆ ಇನ್ನೂ ನಡೆಯುತ್ತದೆ” ಎನ್ನುವವರುಂಟು. ಇದು ತಪ್ಪು ತಿಳಿವಳಿಕೆ. ನಮ್ಮವರಲ್ಲಿ ಹೋಟೆಲಿನ ಅಡುಗೆಮನೆಯನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ವಡೆ, ಬೋಂಡಾ ಕರಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿದರೆ ಕರಿಕು ಮೇಲೆ ನಿಲ್ಲುತ್ತದೆ. ಆದರೆ ಹತ್ತು ಸಲ ಕಾದ ಎಣ್ಣೆಯ ಜಿಡ್ಡು, ಕಮಟು ವಾಸನೆ ಬಟ್ಟೆಗೆ ಸಿಕ್ಕುತ್ತದೆಯೇ? ಅದು ಎಣ್ಣೆಯಲ್ಲಿಯೇ ಉಂಟಾದ ಬದಲಾವಣೆ. ಸೋಸುವುದರಿಂದ ಕೊಳೆ ಹೋಗಬಹುದು, ಎಣ್ಣೆಗೆ ಹೊಸತನ ಬಾರದು.

ಮೋಟಾರಿನ ಎಣ್ಣೆಯೂ ಹೀಗೆಯೇ. ಉರಿದ ಇಂಧನದಿಂದ ನೀರಿನ ಆವಿ, ಆಮ್ಲ, ಅರೆ ಉರಿದ ಪೆಟ್ರೋಲು ಇವು ರಿಂಗುಗಳ ಪಕ್ಕದಿಂದ ನುಸುಳಿ ಎಣ್ಣೆಗೆ ಬಂದು ಸೇರುತ್ತವೆ. ಕಾಗದದ ಫಿಲ್ಟರು ಇವು ಯಾವುದನ್ನೂ ಹಿಡಿಯಲಾರದು. ಮುಗಿದುಹೋದ ಕ್ಷಾರವನ್ನು ಮತ್ತೆ ತುಂಬಲಾರದು. ಆದುದರಿಂದ ಎಣ್ಣೆ, ಫಿಲ್ಟರು ಎರಡನ್ನೂ ಒಟ್ಟಿಗೇ ಬದಲಾಯಿಸುವುದು ಕ್ರಮ. ಹೊಸ ಎಣ್ಣೆಗೆ ಹಳೆಯ ಫಿಲ್ಟರು ಬಿಟ್ಟರೆ, ಮಿಂದವನಿಗೆ ಮಾಸಿದ ಅಂಗಿಯನ್ನು ತೊಡಿಸಿದಂತೆ.

ಮೀಟರು ಹೇಳದ ಮಾತು

ಈಗ ಮುಖ್ಯ ವಿಷಯಕ್ಕೆ ಬರೋಣ. ಎಣ್ಣೆಯನ್ನು ಯಾವಾಗ ಬದಲಾಯಿಸಬೇಕು? ಇಷ್ಟು ಕಿಲೋಮೀಟರಿಗೆ ಎಂದು ಎಲ್ಲರೂ ಹೇಳುತ್ತಾರೆ. ಕಿಲೋಮೀಟರನ್ನು ಎಣಿಸುವ ಮೀಟರು ಚಕ್ರಕ್ಕೆ ಸೇರಿದ್ದು, ಎಣ್ಣೆ ಎಂಜಿನಿಗೆ ಸೇರಿದ್ದು. ಚಕ್ರ ನಿಂತಾಗ ಮೀಟರು ನಿಲ್ಲುತ್ತದೆ, ಎಂಜಿನು ನಿಲ್ಲುವುದಿಲ್ಲ.

ಒಂದು ಲೆಕ್ಕ ಮಾಡೋಣ. ಎಣ್ಣೆ ಬದಲಾವಣೆಗೆ 10,000 ಕಿಲೋಮೀಟರು ಗಡುವೆಂದು ಇಟ್ಟುಕೊಳ್ಳಿ. ಹೆದ್ದಾರಿಯಲ್ಲಿ ಗಂಟೆಗೆ 50 ಕಿಲೋಮೀಟರಿನಂತೆ ಓಡುವ ಗಾಡಿಯ ಎಂಜಿನು ಅಷ್ಟು ದೂರಕ್ಕೆ ತಿರುಗುವುದು 200 ಗಂಟೆ. ದಾದರ್, ಪರೇಲ್, ಸಯನ್‌ಗಳ ನಡುವೆ ತೆವಳುವ ಗಾಡಿಗೆ ಸರಾಸರಿ 12 ಕಿಲೋಮೀಟರು ಸಿಕ್ಕಿತೆನ್ನಿ. ಅದೇ ದೂರಕ್ಕೆ ಅದರ ಎಂಜಿನು 833 ಗಂಟೆ ತಿರುಗಬೇಕು. ನಾಲ್ಕು ಪಟ್ಟಿಗೂ ಹೆಚ್ಚು! ಎರಡು ಗಾಡಿಗಳ ಮೀಟರೂ ಒಂದೇ ಅಂಕಿಯನ್ನು ತೋರಿಸುತ್ತದೆ. ಊರಿನಲ್ಲಿ ಟ್ರ್ಯಾಕ್ಟರನ್ನು ಕಂಡವರಿಗೆ, ಕಟ್ಟಡದ ಜನರೇಟರನ್ನು ನೋಡಿಕೊಳ್ಳುವವರಿಗೆ ಇದು ಹೊಸದಲ್ಲ. ಅವುಗಳ ಎಣ್ಣೆಯನ್ನು ಗಂಟೆಯ ಲೆಕ್ಕದ ಮೇಲೆಯೇ ಬದಲಾಯಿಸುತ್ತಾರೆ. ದಟ್ಟಣೆಯ ಟ್ಯಾಕ್ಸಿಯೂ ಅರ್ಧ ಜನರೇಟರೇ ಸರಿ.

ಹಾಗೆಂದು ನಾಲ್ಕು ಪಟ್ಟು ಬೇಗ ಬದಲಾಯಿಸಿರೆಂದು ನಾವು ಹೇಳುವುದಿಲ್ಲ. ನಿಂತ ಎಂಜಿನಿನ ಮೇಲೆ ಭಾರ ಕಡಿಮೆ. ಒಂದು ಗಂಟೆ ಸುಮ್ಮನೆ ತಿರುಗುವುದೂ ಒಂದು ಗಂಟೆ ಘಾಟಿ ಏರುವುದೂ ಸಮವಲ್ಲ. ಆದರೆ ನಿಂತಾಗ ಪಂಪು ನಿಧಾನವಾಗಿ ತಿರುಗುವುದರಿಂದ ಎಣ್ಣೆಯ ಒತ್ತಡ ಇಳಿದಿರುತ್ತದೆ. ಎದುರುಗಾಳಿಯಿಲ್ಲದೆ ಬಾನೆಟ್ಟಿನ ಕೆಳಗೆ ಕಾವು ಕಟ್ಟಿಕೊಳ್ಳುತ್ತದೆ. ಹವಾನಿಯಂತ್ರಣದ ಹೊರೆ ಬೇರೆ. ಇದನ್ನೆಲ್ಲ ತೂಗಿ ಅನೇಕ ತಯಾರಕರು ತಮ್ಮ ಕೈಪಿಡಿಯಲ್ಲಿಯೇ, ದಟ್ಟಣೆ, ಧೂಳು, ಬಾಡಿಗೆಯ ಓಡಾಟ ಇವುಗಳಿಗೆ ‘ಕಠಿಣ ಬಳಕೆ’ ಎಂಬ ಬೇರೊಂದು ಪಟ್ಟಿಯನ್ನು ಕೊಟ್ಟಿರುತ್ತಾರೆ. ಅದರಲ್ಲಿ ಗಡುವು ಹೆಚ್ಚಾಗಿ ಅರ್ಧಕ್ಕೆ ಇಳಿದಿರುತ್ತದೆ. ನಮ್ಮ ಲೆಕ್ಕದಂತೆ 5,000 ಕಿಲೋಮೀಟರೆಂದರೆ ದಾದರಿನಲ್ಲಿ ಸುಮಾರು 417 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ 25 ದಿನ ಓಡುವ ಟ್ಯಾಕ್ಸಿಗೆ ಅದು ಎರಡು ತಿಂಗಳ ದುಡಿಮೆ. ನಿಮ್ಮ ಗಾಡಿಗೆ ಅನ್ವಯಿಸುವುದು ಮುನ್ನುಡಿಯಲ್ಲಿರುವ ದೊಡ್ಡ ಅಂಕಿಯಲ್ಲ, ಹಿಂದಿನ ಪುಟಗಳಲ್ಲಿರುವ ಈ ಚಿಕ್ಕ ಅಂಕಿ.

ಗುಮಾಸ್ತ ಬಂಧುಗಳ ಕಾರಿನ ಸಂಗತಿ ಬೇರೆ. ವಾರವೆಲ್ಲ ನಿಂತು, ಭಾನುವಾರ ಮಾಟುಂಗಾದವರೆಗೆ ಹೋಗಿ ಬರುವ ಗಾಡಿಯ ಎಣ್ಣೆ ಪೂರ್ತಿ ಕಾಯುವುದೇ ಇಲ್ಲ. ಸೇರಿದ ನೀರು, ಪೆಟ್ರೋಲು ಆವಿಯಾಗಿ ಹೋಗುವುದಿಲ್ಲ. ಅಂಥ ಗಾಡಿಗೆ ಕಿಲೋಮೀಟರು ತುಂಬದಿದ್ದರೂ ಕೈಪಿಡಿ ಹೇಳಿದ ತಿಂಗಳು ತುಂಬಿದೊಡನೆ ಎಣ್ಣೆ ಬದಲಾಯಿಸತಕ್ಕದ್ದು.

ಬಣ್ಣವನ್ನು ನಂಬಬೇಡಿ

ಎಣ್ಣೆ ಕಪ್ಪಾದರೆ ಕೆಟ್ಟಿತು, ಹೊನ್ನಿನ ಬಣ್ಣವಿದ್ದರೆ ಚೆನ್ನಾಗಿದೆ ಎಂಬ ನಂಬಿಕೆ ಹಳೆಯದು. ಡೀಸೆಲ್ ಗಾಡಿಯಲ್ಲಿ ಹೊಸ ಎಣ್ಣೆಯೂ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಮಸಿಯನ್ನು ತೊಳೆದು ಹೊತ್ತುಕೊಳ್ಳುವ ಕೆಲಸವನ್ನು ಅದು ಮಾಡುತ್ತಿದೆ ಎಂದೇ ಅದರ ಅರ್ಥ.

ಮುಂಬಯಿಯ ಟ್ಯಾಕ್ಸಿಯವರಿಗೆ ಇದರ ವಿರುದ್ಧವಾದ ಅಪಾಯ ಹೆಚ್ಚು. 2000ದ ಈಚೆಗೆ ಉಚ್ಚ ನ್ಯಾಯಾಲಯದ ಆದೇಶಗಳಿಂದಾಗಿ ಇಲ್ಲಿನ ಟ್ಯಾಕ್ಸಿಗಳು ಸಿ.ಎನ್.ಜಿ. ಅನಿಲಕ್ಕೆ ತಿರುಗಿದುವು. ಅನಿಲ ಬಹು ಮಟ್ಟಿಗೆ ಮಸಿಯಿಲ್ಲದೆ ಉರಿಯುತ್ತದೆ. ಆದುದರಿಂದ ಎಣ್ಣೆ ಬಹುಕಾಲ ತಿಳಿಯಾಗಿಯೇ ಕಾಣುತ್ತದೆ. ಆದರೆ ಅನಿಲ ಉರಿದಾಗ ಪೆಟ್ರೋಲಿಗಿಂತ ಹೆಚ್ಚು ನೀರಿನ ಆವಿ ಹುಟ್ಟುತ್ತದೆ. ಕಾವಿಗೆ ಆಮ್ಲಜನಕವೂ ಸಾರಜನಕದ ಆಕ್ಸೈಡುಗಳೂ ಎಣ್ಣೆಯೊಡನೆ ಕೂಡಿ ಅದನ್ನು ಕ್ರಮೇಣ ಗಟ್ಟಿಯಾಗಿಸುತ್ತವೆ. ಹೀಗೆ ಒಳಗೊಳಗೇ ಸೋತ ಎಣ್ಣೆ ಮುಖದಲ್ಲಿ ಮಾತ್ರ ಕಳೆಯಾಗಿರುತ್ತದೆ. ಬಣ್ಣ ನೋಡಿ ಇನ್ನೊಂದು ತಿಂಗಳು ತಳ್ಳುವುದು ತರವಲ್ಲ.

ಹಳಬರು ಕೇಳಬಹುದು: ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಇಷ್ಟೆಲ್ಲ ಉಪಚಾರವನ್ನು ಬೇಡುತ್ತಿತ್ತೇ? ಆ ಕಪ್ಪು ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯದು 2003ರ ಅಕ್ಟೋಬರ್ 29ರಂದು ತಾಡದೇವದ ಕಚೇರಿಯಲ್ಲಿ ನೋಂದಣಿಯಾಯಿತು. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿಯಿರುವುದರಿಂದ 2023ರ ಅಕ್ಟೋಬರ್ ಕೊನೆಗೆ ಅದರ ಆಯುಸ್ಸು ಮುಗಿಯಿತು. ಅದರ 1,089 ಸಿ.ಸಿ. ಎಂಜಿನು ಸರಳವಾದದ್ದು, ಸಂದುಗಳು ಸಡಿಲವಾದವು. ಬೀದಿಬದಿಯ ಮೇಸ್ತ್ರಿಯೂ ಬಿಚ್ಚಿ ಜೋಡಿಸಬಲ್ಲನು. ಇಂದಿನ ಎಂಜಿನಿನಲ್ಲಿ ಸಂದುಗಳು ಕಿರಿದು. ಟೈಮಿಂಗ್ ಚೈನನ್ನು ಬಿಗಿಹಿಡಿಯುವ, ಕವಾಟಗಳ ಹೊತ್ತನ್ನು ಹೊಂದಿಸುವ ಭಾಗಗಳು ಹಲವು ಗಾಡಿಗಳಲ್ಲಿ ಎಣ್ಣೆಯ ಒತ್ತಡದಿಂದಲೇ ನಡೆಯುತ್ತವೆ. ಜಿಡ್ಡು ಕಟ್ಟಿ ಒಂದು ಕಿರುಕೊಳವೆ ಮುಚ್ಚಿದರೂ ಸಾಕು, ದೊಡ್ಡ ಖರ್ಚು ಬಾಗಿಲಿಗೆ ಬಂದಂತೆ. ಅಂದಿನ ಎಂಜಿನು ಸಹಿಸಿದ ಅಲಕ್ಷ್ಯವನ್ನು ಇಂದಿನದು ಸಹಿಸದು.

ವಾರಕ್ಕೆ ಐದು ನಿಮಿಷ

ಎಂಜಿನಿನಲ್ಲಿ ಎಣ್ಣೆಯನ್ನು ಅಳೆಯುವ ಕಡ್ಡಿಯೊಂದಿರುತ್ತದೆ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನು ಆರಿಸಿ ಐದು ಹತ್ತು ನಿಮಿಷ ಬಿಡಿ. ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆಯಿರಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಕೆಳಗಿದ್ದರೆ ಅದೇ ಜಾತಿಯ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಮೇಲಿನ ಗುರುತನ್ನು ಮೀರಿಸುವುದೂ ಹಾನಿಕರ. ತಿರುಗುವ ಕ್ರ್ಯಾಂಕು ಎಣ್ಣೆಯನ್ನು ಕಡೆದು ನೊರೆ ಮಾಡುತ್ತದೆ, ನೊರೆ ಲೋಹವನ್ನು ಕಾಯಲಾರದು.

ಕಡ್ಡಿ ಬೇರೆ ಸಂಗತಿಗಳನ್ನೂ ಹೇಳುತ್ತದೆ. ಸೇರಿಸದೆಯೇ ಮಟ್ಟ ಏರಿದ್ದರೆ ಪೆಟ್ರೋಲೋ ನೀರೋ ಸೇರಿದೆ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರು ಸೇರಿರುವುದು ಖಂಡಿತ. ಗಾಡಿಯನ್ನು ಓಡಿಸದೆ ಮೇಸ್ತ್ರಿಗೆ ತೋರಿಸಬೇಕು. ಎಣ್ಣೆ ಮತ್ತೆ ಮತ್ತೆ ಇಳಿದು ಹೊಗೆ ನೀಲಿಯಾಗಿದ್ದರೆ ಎಂಜಿನು ಎಣ್ಣೆಯನ್ನು ಸುಡುತ್ತಿದೆ. ಇನ್ನು ಎಣ್ಣೆಯ ಕುಡಿಕೆಯ ಚಿತ್ರವುಳ್ಳ ಕೆಂಪು ದೀಪ: ಓಡುವಾಗ ಅದು ಹೊತ್ತಿಕೊಂಡರೆ, ಸಿಗ್ನಲಿನಲ್ಲಿ ನಿಂತಾಗ ಮಿನುಗಿದರೂ, ಬದಿಗೆ ನಿಲ್ಲಿಸಿ ಎಂಜಿನನ್ನು ಕೂಡಲೇ ಆರಿಸಿ. ಗ್ರಾಹಕನನ್ನು ಇಳಿಸಿ ನೋಡೋಣವೆಂದು ಮುಂದುವರಿದರೆ ಆ ಒಂದು ಬಾಡಿಗೆ ಎಂಜಿನಿನ ಬೆಲೆಗೆ ಸಮವಾಗಬಹುದು.

ಗಾಳಿಯ ಫಿಲ್ಟರನ್ನೂ ಮರೆಯಬಾರದು. ಮೆಟ್ರೋ ಸುರಂಗದ ಕಾಮಗಾರಿ ಮುಗಿದು 2025ರ ಮೇ ತಿಂಗಳಲ್ಲಿ ದಾದರಿನ ಭೂಗತ ನಿಲ್ದಾಣ ತೆರೆಯಿತಾದರೂ, ಹಳೆಯ ಕಟ್ಟಡಗಳನ್ನು ಕೆಡಹಿ ಕಟ್ಟುವ ಧೂಳು ನಿಂತಿಲ್ಲ. ಮರಳಿನ ಕಣ ಎಂಜಿನಿನ ಎಷ್ಟೋ ಲೋಹದ ಭಾಗಗಳಿಗಿಂತ ಗಟ್ಟಿ. ಗಾಳಿಯ ಫಿಲ್ಟರು ಹರಿದಿದ್ದರೆ ಎಣ್ಣೆಯ ಫಿಲ್ಟರು ಎಷ್ಟೆಂದು ದುಡಿದೀತು?

ಬದಲಾಯಿಸುವಾಗ

ಎಣ್ಣೆಯ ಡಬ್ಬಿಯ ಮೇಲೆ 5ಡಬ್ಲ್ಯು-30 ಎಂಬಂಥ ಗುರುತು ಇರುತ್ತದೆ. ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುವುದೆಂಬುದನ್ನೂ, ಎರಡನೆಯದು ಕಾದಾಗ ಎಷ್ಟು ದಪ್ಪವಾಗಿ ಉಳಿಯುವುದೆಂಬುದನ್ನೂ ಸೂಚಿಸುತ್ತದೆ. ದಪ್ಪ ಎಣ್ಣೆಯೇ ಒಳ್ಳೆಯದೆಂಬ ಮಾತು ಪದ್ಮಿನಿಯ ಕಾಲದ್ದು. ನಿಮ್ಮ ಗಾಡಿಯ ಕೈಪಿಡಿಯಲ್ಲಿರುವ ಗುರುತಿನದನ್ನೇ ಕೊಳ್ಳಿರಿ.

ಎಂಜಿನು ಬೆಚ್ಚಗಿರುವಾಗ ಎಣ್ಣೆಯನ್ನು ಇಳಿಸಿದರೆ ಕೊಳೆ ಅದರೊಡನೆ ಹೊರಬರುತ್ತದೆ. ಹಳೆಯ ಫಿಲ್ಟರನ್ನು ಬಿಚ್ಚಿದಾಗ ಅದರ ರಬ್ಬರು ಬಳೆ ಎಂಜಿನಿಗೇ ಅಂಟಿಕೊಂಡಿದೆಯೋ ನೋಡಬೇಕು. ಅದರ ಮೇಲೆ ಹೊಸದನ್ನು ಕೂರಿಸಿದರೆ ಎಣ್ಣೆ ಸೋರಿ ಬರಿದಾಗುತ್ತದೆ. ಹೊಸ ಬಳೆಗೆ ಎಣ್ಣೆ ಸವರಿ, ಕೈಯಿಂದ ತಿರುಗಿಸಿ, ಬಳೆ ತಾಗಿದ ಮೇಲೆ ಫಿಲ್ಟರಿನ ಮೇಲೆ ಬರೆದಷ್ಟು ಮಾತ್ರ, ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಬಿಗಿಯಬೇಕು. ಎಣ್ಣೆ ತುಂಬಿ, ಎಂಜಿನನ್ನು ಕೊಂಚ ಹೊತ್ತು ನಡೆಸಿ, ಸೋರಿಕೆ ನೋಡಿ, ಮತ್ತೆ ಕಡ್ಡಿಯಲ್ಲಿ ಅಳೆಯಬೇಕು. ಮೇಸ್ತ್ರಿ ಮಾಡುವುದಾದರೂ ಪಕ್ಕದಲ್ಲಿ ನಿಂತು ನೋಡುವುದು ಅವಮಾನವಲ್ಲ, ವಿವೇಕ. ಮೊಹರು ಒಡೆಯದ ಡಬ್ಬಿಯನ್ನು ರಸೀದಿ ಪಡೆದೇ ಕೊಳ್ಳಿ. ಖಾಲಿ ಡಬ್ಬಿಗೆ ತೂತು ಹೊಡೆದು ಭಂಗಾರಿನವನಿಗೆ ಕೊಡಿ. ಇಲ್ಲವಾದರೆ ಅದರಲ್ಲಿ ಕಲಬೆರಕೆ ತುಂಬಿ ಮತ್ತೆ ನಿಮಗೇ ಮಾರಲು ತಂದಾರು.

ಮಳೆಗಾಲದಲ್ಲಿ ಹಿಂದಮಾತಾದ ನೀರಿನಲ್ಲಿ ಎಂಜಿನು ನಿಂತರೆ ಮತ್ತೆ ಚಾಲೂ ಮಾಡಲು ಯತ್ನಿಸಬೇಡಿ. ನೀರು ಸಿಲಿಂಡರಿಗೆ ಹೊಕ್ಕಿದ್ದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಎಳೆಯಿಸಿಕೊಂಡು ಹೋಗಿ, ಎಣ್ಣೆಯನ್ನು ಪರೀಕ್ಷಿಸಿಯೇ ಮುಂದಿನ ಮಾತು. ರಜೆಗೆ ಉಡುಪಿ, ಮಂಗಳೂರು, ಹುಬ್ಬಳ್ಳಿಗಳ ಕಡೆ ಹೊರಡುವವರು ಗಡುವು ಸಮೀಪಿಸಿದ್ದರೆ ಹೊರಡುವ ಮೊದಲೇ ಎಣ್ಣೆ ಬದಲಾಯಿಸುವುದು ಒಳ್ಳೆಯದು.

ಇಳಿಸಿದ ಎಣ್ಣೆಯನ್ನು ಚರಂಡಿಗೆ ಸುರಿಯಬಾರದು. ಇಲ್ಲಿನ ಮಳೆನೀರಿನ ಚರಂಡಿಗಳೆಲ್ಲ ಕಡೆಗೆ ಸಮುದ್ರಕ್ಕೆ ಹೋಗುತ್ತವೆ. 2016ರ ನಿಯಮಗಳಂತೆ ಅದು ಅಪಾಯಕಾರಿ ತ್ಯಾಜ್ಯ. ಪರವಾನಗಿಯುಳ್ಳವರು ಅದನ್ನು ಶುದ್ಧಿಮಾಡಿ ಮತ್ತೆ ಬಳಕೆಗೆ ತರುತ್ತಾರೆ. ಹಳೆಯ ಎಣ್ಣೆ ಚರ್ಮಕ್ಕೂ ಕೆಟ್ಟದ್ದು. ಕೈಯನ್ನು ಸಾಬೂನಿನಿಂದ ತೊಳೆದೇ ಊಟಕ್ಕೆ ಕುಳಿತುಕೊಳ್ಳಬೇಕು.

ಒಂದು ಪುಸ್ತಕ, ಒಂದು ಕೈಪಿಡಿ

ಹಗಲು ಒಬ್ಬರು, ರಾತ್ರಿ ಒಬ್ಬರು ನಡೆಸುವ ಟ್ಯಾಕ್ಸಿಗಳು ಈ ನಗರದಲ್ಲಿ ಅನೇಕ. ಹಗಲಿನವನು ನೋಡಿರುತ್ತಾನೆಂದು ರಾತ್ರಿಯವನು, ರಾತ್ರಿಯವನು ನೋಡಿರುತ್ತಾನೆಂದು ಹಗಲಿನವನು. ಹೀಗಾಗಿ ಕಡ್ಡಿಯನ್ನು ಯಾರೂ ಎಳೆಯುವುದಿಲ್ಲ. ಎಂಜಿನು ಕೆಟ್ಟ ದಿನ ಮಾಲಿಕನ ಪ್ರಶ್ನೆ ಮಾತ್ರ ಇಬ್ಬರಿಗೂ ಬರುತ್ತದೆ. ಇದಕ್ಕೆ ಔಷಧ ಹತ್ತು ರೂಪಾಯಿಯ ನೋಟುಪುಸ್ತಕ. ಎಣ್ಣೆ ಬದಲಾಯಿಸಿದ ತಾರೀಖು, ಮೀಟರಿನ ಅಂಕಿ, ಪ್ರತಿ ಪಾಳಿಯಲ್ಲಿ ಎಂಜಿನು ನಡೆದ ಗಂಟೆ, ಕಡ್ಡಿಯ ಮಟ್ಟ, ಇವನ್ನು ಬರೆದು ಗಾಡಿಯಲ್ಲಿಯೇ ಇಡಿ. ಎಣ್ಣೆಯ ಖರ್ಚಿಗೆ ಹಿಂದೆಮುಂದೆ ನೋಡುವ ಮಾಲಿಕನ ಎದುರಿಗೆ ಬಾಯಿಮಾತಿಗಿಂತ ಬರೆದ ಗಂಟೆಗಳಿಗೆ ತೂಕ ಹೆಚ್ಚು. ಕಡೆಗೊಂದು ದಿನ ಅಲಕ್ಷ್ಯದ ಆರೋಪ ಬಂದರೂ ಆ ಪುಸ್ತಕವೇ ನಿಮ್ಮ ಸಾಕ್ಷಿ.

ಗಾಡಿಯ ಕೈಪಿಡಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುವುದರಿಂದ ನಮ್ಮ ಚಾಲಕ ಬಂಧುಗಳಲ್ಲಿ ಎಷ್ಟೋ ಮಂದಿ ಅದನ್ನು ತೆರೆದೇ ಇಲ್ಲ. ಇಂಗ್ಲಿಷಿನ ಕಾಗದಪತ್ರಗಳಲ್ಲಿಯೇ ದಿನ ಕಳೆಯುವ ಗುಮಾಸ್ತರು ಅದೇ ಮೇಜಿನ ಎದುರಿನಲ್ಲಿ ಕುಳಿತು ಪತ್ರಿಕೆ ಓದುತ್ತಿರುತ್ತಾರೆ. ಕೈಪಿಡಿಯನ್ನು ವಾಚನಾಲಯಕ್ಕೆ ತನ್ನಿರಿ. ಎಣ್ಣೆಯ ಗುರುತು, ಅಳತೆ, ಕಠಿಣ ಬಳಕೆಯ ಗಡುವು, ಈ ಮೂರನ್ನು ಕನ್ನಡದಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಡಲು ಅವರಿಗೆ ಹತ್ತು ನಿಮಿಷವೂ ಬೇಡ. ಆ ಚೀಟಿಯನ್ನು ನೋಟುಪುಸ್ತಕದ ಮೊದಲ ಪುಟಕ್ಕೆ ಅಂಟಿಸಿಕೊಳ್ಳಬೇಕೆಂದು ನಮ್ಮ ಬಿನ್ನಹ.